ಟ್ರಾಮಿನವರು ಬರುವ ದಿನ

ಷೂ ಹಾಕಿಕೊಳ್ಳಲು ಬಾಗಿಲ ಮೆಟ್ಟಿಲ ಮೇಲೆ ಕೂತಾಗ ತಾನು ಏನನ್ನೋ ಗುನುಗುತ್ತಿದ್ದೇನೆಂದು ಇಸೊಗಾಯಿಗೆ ಗೊತ್ತಾಯಿತು. ಕದಿಯುವಾಗ ಸಿಕ್ಕಿಬಿದ್ದವನ ಹಾಗೆ ಗಪ್ಪನೆ ಬಾಯಿ ಮುಚ್ಚಿದ. ಮೈಮೇಲೆ ಕರಿ ಕೋಟು, ಕೊರಳಲ್ಲಿ ಕರಿ ಟೈ, ಜೇಬಿನಲ್ಲಿ ಜಪಮಾಲೆ. ಇಂಥ ವೇಷ ತೊಟ್ಟು ತಿಥಿಗೆ ಹೊರಟವನು ಗುನುಗುವುದೇ? ಹಿಂದೆ ನಿಂತಿದ್ದ ಹೆಂಡತಿ ಫುಸಾಯೆಗೆ ಕೇಳಿಸದಿದ್ದರೆ ಸಾಕು ಎಂದುಕೊಂಡ. ಕೇಳಿಸಿತ್ತು. “ಇವತ್ತು ನಿಮ್ಮ ಹಬ್ಬ ಅಲ್ವೇನ್ರೀ,” ಎಂದಳು. “ಮಧ್ಯಾಹ್ನಕ್ಕೆ ಬುತ್ತಿ ಬೇಡ ತಾನೆ? ಅಲ್ಲಿ ಉಂಡೆ ಕಾದಿರುತ್ತೆ.” “ಹಬ್ಬ ಅಂತೀಯಲ್ಲ, ಸತ್ತವರ ಮನೆಗೆ ಹೋಗ್ತಿರೋದು ಕಣೇ,” ಎಂದು ಅವನು ಗದರಲು ನೋಡಿದ, ಆದರೆ ಗದರಿಕೆಗೆ ಕಾವೇ ಬರಲಿಲ್ಲ. “ಅದನ್ನೇ ಹೇಳಿದ್ದು. ವರ್ಷಕ್ಕೊಂದಿನ ನಿಮ್ಮ ಮುಖದಲ್ಲಿ ಗೆಲುವು ಕಾಣ್ಸುತ್ತೆ, ಅದು ಇವತ್ತೇ. ನನಗೇನೂ ಬೇಜಾರಿಲ್ಲಪ್ಪ,” ಎಂದು ಅವಳು ಒಳಗೆ ಹೋದಳು. ಬೇಜಾರಿಲ್ಲ ಎನ್ನುವವರ ಬೇಜಾರಿಗಿಂತ ದೊಡ್ಡದು ಯಾವುದಿದೆ. ಅವನು ಬಟ್ಟೆಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಬಿದ್ದ.

ಸೋನೆಹಾಮಾ ನಗರದ ಟ್ರಾಮ್ ಕಂಪನಿಯ ಕಚೇರಿಯಲ್ಲಿ ಇಸೊಗಾಯಿಗೆ ಹತ್ತಾರು ಕೆಲಸ. ಅದರಲ್ಲಿ ಇದೂ ಒಂದು. ಹನ್ನೆರಡು ವರ್ಷದ ಹಿಂದೆ ಕಂಪನಿಯ ಟ್ರಾಮಿಗೆ ಸಿಕ್ಕು ಶಿರೈವಾ ಯಸಾಕು ಎಂಬ ಚಾಪೆ ಕೆಲಸದವನು ಸತ್ತ. ಅವನ ತಿಥಿಯ ದಿನ ಕಂಪನಿಯ ಪರವಾಗಿ ಒಬ್ಬ ಹೋಗಿ, ವಿಧವೆಯ ಎದುರು ತಲೆ ಬಾಗಿಸಿ, ಊದುಬತ್ತಿ ಹಚ್ಚಿ ಬರಬೇಕು. ಮೊದಲು ಒಕಿನೋ ಎಂಬ ಹಿರಿಯರು ಹೋಗುತ್ತಿದ್ದರು. ಅವರು ನಿವೃತ್ತರಾದ ಮೇಲೆ ಇವನು. ಅಳುವವರ ಎದುರು ಕೂರಲು ಕಚೇರಿಯಲ್ಲಿ ಬೇರೆ ಯಾರೂ ಒಪ್ಪದ್ದರಿಂದ ಕೆಲಸ ಇವನ ಕೊರಳಿಗೆ ಬಿತ್ತು. ಹೋಗಿ ನೋಡಿದರೆ ಆ ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ. ಯಸಾಕುವಿನ ಹೆಂಡತಿ ಕಿನು ನಗುನಗುತ್ತಾ ಒಳಗೆ ಕರೆದಳು, ಚಹಾ ಕೊಟ್ಟಳು, ಕೆಂಪು ಕಾಳಿನ ಹೂರಣ ಮೆತ್ತಿದ ಅಕ್ಕಿಯುಂಡೆ ತಟ್ಟೆಯಲ್ಲಿಟ್ಟಳು. ಇನ್ನೊಬ್ಬರ ಸಾವಿನ ದಿನ ತನಗೆ ರುಚಿಸತೊಡಗಿದ್ದು ಯಾವಾಗಿನಿಂದ ಎಂದು ಅವನಿಗೂ ಗೊತ್ತಿಲ್ಲ. ಬೇಸಿಗೆ ಮುಗಿಯುತ್ತಿದ್ದ ಹಾಗೆ ಆ ಹೂರಣದ ನೆನಪಾಗುತ್ತಿತ್ತು. ನೆನಪಾದಾಗ ಥೂ ಎನಿಸುತ್ತಿತ್ತು, ಆದರೂ ಬಾಯಲ್ಲಿ ನೀರು ಬರುತ್ತಿತ್ತು.

ಇವತ್ತೇ ಕೊನೆ. ಬರುವ ವಸಂತದಲ್ಲಿ ಕಂಪನಿ ದೊಡ್ಡ ನಗರದ ರೈಲ್ವೆಯ ಹೊಟ್ಟೆ ಸೇರುತ್ತದೆ. ಹಳಿ ಕಿತ್ತು ಬಸ್ಸು ಓಡಿಸುತ್ತಾರೆ. ನಿರ್ದೇಶಕ ಮುರೋತಾ ನಿನ್ನೆ ಕರೆದು ಹೇಳಿದ್ದರು: “ಹೊಸಬರ ಹತ್ರ ಈ ತಿಥಿ, ಊದುಬತ್ತಿ ಎಲ್ಲಾ ನಡೆಯಲ್ಲ ಕಣಯ್ಯ. ಮುಂದಿನ ವರ್ಷದಿಂದ ಯಾರೂ ಬರಲ್ಲ ಅಂತ ಆ ಹೆಂಗಸಿಗೆ ಬಿಡಿಸಿ ಹೇಳಿಬಿಡು. ಹಾಗಂತ ಕೈತೊಳ್ಕೊಂಡ್ರು ಅನ್ನಿಸ್ಬಾರ್ದು. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ನಿನಗೆ ಹೇಳ್ಕೊಡಬೇಕಾ?” ಆಮೇಲೆ ಮೇಜಿನ ಮೇಲಿದ್ದ ದಪ್ಪ ಪುಸ್ತಕವನ್ನು ಇವನ ಕಡೆ ತಳ್ಳಿದ್ದರು. “ಇದನ್ನೂ ಒಂದು ಪ್ರತಿ ಕೊಟ್ಟು ಬಾ. ಕಂಪನಿ ಜೊತೆ ಸಂಬಂಧ ಇದ್ದೋರಿಗೆಲ್ಲ ಕೊಡ್ತಾ ಇದೀವಲ್ಲ, ಅವರದ್ದೂ ಒಂಥರಾ ಸಂಬಂಧಾನೇ.” ಕಂಪನಿಯ ಅರವತ್ತು ವರ್ಷದ ಚರಿತ್ರೆ ಅದು. ಬರೆದವನು ಇಸೊಗಾಯಿಯೇ, ಹೆಸರು ಮಾತ್ರ ಅಧ್ಯಕ್ಷರದು. ‘ಬೇಡ ಸಾರ್, ಆ ಮನೆಗೆ ಇದು ಬೇಡ’ ಎಂಬ ಮಾತು ನಾಲಗೆಯವರೆಗೆ ಬಂತು. “ಆಗ್ಲಿ ಸಾರ್” ಎಂದು ಹೊರಬಂದಿದ್ದ. ಮೂವತ್ತು ವರ್ಷದಿಂದ ಹೀಗೇ.

ನಿಲ್ದಾಣದೆದುರು ಟ್ರಾಮು ಹತ್ತಿದಾಗ ಚಾಲಕ ಯೊನೆಮೋರಿ ಗುರುತು ಹಿಡಿದು ಟೊಪ್ಪಿ ಮುಟ್ಟಿದ. “ಬರ್ಬೇಕು ಸಾಹೇಬ್ರೇ. ಹೋದ ವರ್ಷಾನೂ ನನ್ನ ಗಾಡೀಲೇ ಬಂದಿದ್ರಿ. ಮುಂದಿನ ವರ್ಷ ಇಷ್ಟೊತ್ತಿಗೆ ಇದು ಯಾವ್ದೋ ಶಾಲೆ ಅಂಗಳದಲ್ಲಿ ಕೂತಿರುತ್ತೆ, ನಾನು ಬಸ್ ಚಕ್ರ ತಿರುಗಿಸ್ತಾ ಇರ್ತೀನಿ. ಅದಕ್ಕೂ ನಮ್ಮಂಥ ಮುದುಕರನ್ನ ತಗೋತಾರೋ ಇಲ್ವೋ.” “ತಗೋತಾರೆ,” ಎಂದ ಇಸೊಗಾಯಿ. “ನೀವು ತಗೋತಾರೆ ಅಂದ್ರೆ ಭಯ ಆಗುತ್ತೆ ಸಾಹೇಬ್ರೇ. ಕಚೇರಿಯೋರು ಹೆದರ್ಬೇಡಿ ಅಂದಾಗೆಲ್ಲ ನಮಗೆ ಪೆಟ್ಟು ಬಿದ್ದಿದೆ.” ಅವನು ನಗುತ್ತಲೇ ಅಂದದ್ದು, ಇವನೂ ನಕ್ಕ. ಮೋಟಾರು ಕಾರೊಂದು ಹಳಿಯ ಮೇಲೆ ನುಗ್ಗಿ ನಿಂತಿತು. ಯೊನೆಮೋರಿ ಗಂಟೆ ಬಾರಿಸಿದ, ಕಾರಿನವನು ಹಾರನ್ ಹೊಡೆದ. ಸಾಲಾಗಿ ಕಾರು, ಲಾರಿ, ನಡುವೆ ಟ್ರಾಮು, ಯಾರೂ ಅಲ್ಲಾಡಲಿಲ್ಲ.

ನಿಂತ ಗಾಡಿಯಲ್ಲಿ ಕೂತವನಿಗೆ ತಾನೇ ಬರೆದ ವಾಕ್ಯಗಳು ಬೇಡವೆಂದರೂ ಬರುತ್ತವೆ. ‘ನಮ್ಮ ನಗರದ ಏಳಿಗೆಯನ್ನು ಕನಸಿದ ಮೂವರು ಮದ್ಯದ ಭಟ್ಟಿಯವರೂ ಒಬ್ಬ ಉಪ್ಪಿನ ಗದ್ದೆಯ ಧಣಿಯೂ’ ಎಂದು ಮೊದಲ ಅಧ್ಯಾಯ ಆರಂಭವಾಗುತ್ತದೆ. ನಿಜ ಹೇಳಬೇಕೆಂದರೆ ಅವರು ಕನಸಿದ್ದು ಏಳಿಗೆಯನ್ನಲ್ಲ, ಉಪ್ಪನ್ನು ಬಂದರಿನವರೆಗೆ ಸಾಗಿಸುವುದನ್ನು. ಕೈಗಾಡಿ ಎಳೆಯುವವರು ನಮ್ಮ ಹೊಟ್ಟೆಗೆ ಕಲ್ಲು ಹಾಕಬೇಡಿ ಎಂದು ಹಳಿಯ ಮೇಲೆ ಮಲಗಿದಾಗ, ಕಂಪನಿ ಅವರ ಮುಂದಾಳುಗಳಿಗೇ ಹಿತ್ತಾಳೆ ಗುಂಡಿಯ ಅಂಗಿ ತೊಡಿಸಿ ಕಂಡಕ್ಟರ್ ಮಾಡಿತು. ಮಲಗಿದ್ದ ಉಳಿದವರು ತಾವಾಗಿಯೇ ಎದ್ದು ಹೋದರು. ಟ್ರಾಮು ಓಡಿಸಿದ್ದು ತೋರಿಕೆಗೆ, ಲಾಭ ಬಂದದ್ದು ಮನೆಮನೆಗೆ ದೀಪದ ಕರೆಂಟು ಮಾರಿ. ಬೇಸಿಗೆಯಲ್ಲಿ ಖಾಲಿ ಓಡುತ್ತದೆಂದು ಹಳಿಯ ತುದಿಯಲ್ಲಿ ಸಮುದ್ರಸ್ನಾನದ ಕಟ್ಟೆ ಕಟ್ಟಿಸಿದರು, ಶರತ್ಕಾಲಕ್ಕೆಂದು ಸೇವಂತಿಗೆ ಹೂವಿನ ಬೊಂಬೆ ಪ್ರದರ್ಶನ. ಯುದ್ಧಕಾಲದಲ್ಲಿ ಸರ್ಕಾರ ಕರೆಂಟಿನ ವ್ಯಾಪಾರ ಕಿತ್ತುಕೊಂಡಿತು. ಚಕ್ರ ಮಾತ್ರ ಉಳಿಯಿತು. ಯುದ್ಧ ಮುಗಿದ ಮೇಲೆ ಜನ ಮೆಟ್ಟಿಲಿಗೆ ಜೋತುಬಿದ್ದು ಹೋಗುತ್ತಿದ್ದರು, ಆಗ ಬಂದ ದುಡ್ಡಿನಲ್ಲಿ ನಿಲ್ದಾಣದ ಮೇಲೆ ಐದಂತಸ್ತಿನ ದೊಡ್ಡ ಅಂಗಡಿ ಎದ್ದಿತು. ಆ ಅಂಗಡಿಯೇ ಕಂಪನಿಯನ್ನು ನುಂಗಿದ್ದು ಎಂದು ಊರಲ್ಲೆಲ್ಲ ಮಾತು. ಪುಸ್ತಕದಲ್ಲಿ ಅದು ‘ಬಹುಮುಖ ಬೆಳವಣಿಗೆ’. ಅಂಗಡಿಯ ಸಾಲ ತೀರಿಸಲು ಎಲ್ಲೆಲ್ಲಿ ಕತ್ತರಿ ಹಾಕಬಹುದೆಂದು ಮೇಲಿನವರು ಹುಡುಕಿದರು. ಕತ್ತರಿ ಕಂಡಕ್ಟರುಗಳ ಮೇಲೆ ಬಿತ್ತು. ‘ಜನಬಲದ ಸಮರ್ಪಕ ಬಳಕೆಗಾಗಿ ಏಕವ್ಯಕ್ತಿ ಗಾಡಿಗಳನ್ನು ಆರಂಭಿಸಲಾಯಿತು, ಫಲಿತಾಂಶ ತೃಪ್ತಿಕರವಾಗಿತ್ತು.’ ಈ ಸಾಲನ್ನು ಇಸೊಗಾಯಿ ಎರಡು ಸಲ ಬರೆದಿದ್ದಾನೆ, ಪುಸ್ತಕದಲ್ಲೊಮ್ಮೆ, ಅದಕ್ಕೂ ಮುಂಚೆ ಆ ಯೋಜನೆಯ ವರದಿಯಲ್ಲೊಮ್ಮೆ.

ಆ ಯೋಜನೆ ತೀರ್ಮಾನವಾದ ಕೋಣೆಯಲ್ಲಿ ಅವನೂ ಇದ್ದ. ಹಿಂಬಾಗಿಲಿಗೆ ಕಂಡಕ್ಟರ್ ಬದಲು ಕನ್ನಡಿ ಸಾಕು ಎಂದು ಯಾರೋ ಅಂದಾಗ, ಮಳೆಯಲ್ಲಿ ಕನ್ನಡಿ ಕಾಣುತ್ತದೆಯೇ ಎಂಬ ಯೋಚನೆ ಬಂದಿತ್ತು. ಅವತ್ತು ಮಳೆ ಇರಲಿಲ್ಲ, ಕೇಳಲಿಲ್ಲ. ಅಚ್ಚುಕಟ್ಟಾದ ಅಕ್ಷರದಲ್ಲಿ ವರದಿ ಪ್ರತಿ ಮಾಡಿಕೊಟ್ಟ, ಅಷ್ಟೇ. ಮರುವರ್ಷ ಇದೇ ಋತುವಿನ ಒಂದು ಮಳೆಯ ಸಂಜೆ, ಕೆಲಸ ಮುಗಿಸಿ ಬಂದ ಯಸಾಕು ಹಿಂಬಾಗಿಲಿಂದ ಇಳಿದ, ಹೆಗಲ ಚೀಲದ ಪಟ್ಟಿ ಬಾಗಿಲಲ್ಲಿ ಸಿಕ್ಕಿಕೊಂಡಿತು, ಕನ್ನಡಿಯಲ್ಲಿ ನೀರು ಬಿಟ್ಟು ಬೇರೇನೂ ಕಾಣಲಿಲ್ಲ, ಗಾಡಿ ಹೊರಟಿತು. ಇದನ್ನು ಕಿನುವಿಗೆ ಹೇಳಬೇಕು, ನಾನೂ ಆ ಕೋಣೆಯಲ್ಲಿದ್ದೆ ತಾಯಿ ಎನ್ನಬೇಕು ಎಂದು ಅವನು ಪ್ರತಿ ವರ್ಷ ಹೊರಡುತ್ತಿದ್ದ. ಪ್ರತಿ ವರ್ಷ ಉಂಡೆ ತಿಂದು ವಾಪಸಾಗುತ್ತಿದ್ದ. ಇವತ್ತು ಎರಡು ಮಾತು ಬಾಕಿ, ಇನ್ನು ಬರುವುದಿಲ್ಲ ಎಂಬುದೊಂದು, ಇದೊಂದು. ಯಾವುದನ್ನು ಮೊದಲು ಹೇಳಬೇಕು? ಮೊದಲನೆಯದಕ್ಕೇ ಆಕೆ ಕುಸಿದುಬಿಟ್ಟರೆ? ಮಗಳನ್ನು ದೂರದ ಊರಿಗೆ ಕೊಟ್ಟಿದ್ದಾಳೆ, ವರ್ಷಕ್ಕೊಮ್ಮೆಯಾದರೂ ಗಂಡನ ಹೆಸರೆತ್ತಲು ಬರುವವನು ತಾನೊಬ್ಬನೇ. ಬಿಸಿ ತುಪ್ಪದ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಷ್ಟರಲ್ಲಿ ಹಳಿ ತೆರವಾಯಿತು, ಯೊನೆಮೋರಿ ಬೈಯುತ್ತಾ ಗಾಡಿ ಮುಂದಕ್ಕೆ ಬಿಟ್ಟ.

ಉಪ್ಪಿನ ಗದ್ದೆಯ ನಿಲ್ದಾಣದಲ್ಲಿಳಿದು ಕಾಲುವೆ ಪಕ್ಕದ ಓಣಿ ಹಿಡಿದರೆ ಕಿನುವಿನ ಮನೆ. ಸದ್ದಿಗೆ ಕಾದಿದ್ದವಳ ಹಾಗೆ ಆಕೆ ಬಾಗಿಲು ಸರಿಸಿದಳು. ಅರವತ್ತು ದಾಟಿದ ಸಣ್ಣ ಹೆಂಗಸು, ಬಿಳಿ ಏಪ್ರನ್ನು, ತಲೆ ಬಾಚಿ ಬಿಗಿಯಾಗಿ ಕಟ್ಟಿದ್ದಳು. “ಬನ್ನಿ ಬನ್ನಿ ಟ್ರಾಮಿನವರೇ, ಬಿಸಿಲಲ್ಲಿ ಬಂದ್ರಲ್ಲ.” ಅವನು ಮೊಣಕಾಲೂರಿ ಹಣೆ ಚಾಪೆಗೆ ತಾಗುವವರೆಗೆ ಬಾಗಿದ. “ಅಮ್ಮಾವ್ರೇ, ಕಂಪನಿಯಿಂದ ಆಗಬಾರದ್ದು ಆಯ್ತು. ಎಷ್ಟು ಕ್ಷಮೆ ಕೇಳಿದರೂ ಸಾಲದು.” ಪ್ರತಿ ವರ್ಷದ್ದೇ ಮಾತು, ಒಕಿನೋ ಕಲಿಸಿಕೊಟ್ಟದ್ದು. “ಅಯ್ಯೋ, ಏಳಿ, ಏಳಿ,” ಎಂದಳು ಆಕೆ, ಅದೂ ಪ್ರತಿ ವರ್ಷದ್ದೇ. ಒಳಕೋಣೆಯ ಗೂಡಿನಲ್ಲಿ ಯಸಾಕುವಿನ ಫೋಟೋ: ಅಗಲ ಮುಖ, ಮುಂದೊಂದು ಬಟ್ಟಲು ಅನ್ನ. ಅವನು ಊದುಬತ್ತಿ ಹಚ್ಚಿ, ಸಣ್ಣ ಗಂಟೆ ತಟ್ಟಿ, ಕೈಮುಗಿದು ಕೂತ. ಕಣ್ಣು ಮುಚ್ಚಿ ಸತ್ತವನ ಬಳಿ ಏನಾದರೂ ಹೇಳಿಕೊಳ್ಳಬೇಕು. ಅಡುಗೆಮನೆಯಿಂದ ತಟ್ಟೆಯ ಸದ್ದು ಬಂತು, ಮನಸ್ಸು ಅತ್ತ ಹೋಯಿತು. ನಾಚಿಕೆಗೇಡಿ, ಎಂದು ತನಗೆ ತಾನೇ ಬೈದುಕೊಂಡ.

ಆಕೆ ಎದುರು ಕೂತು ಚಹಾ ಬಗ್ಗಿಸಿದಳು. ಮೂರು ಉಂಡೆ. ಈ ಸಲ ಅವನು ಅವುಗಳನ್ನು ಮುಟ್ಟಲಿಲ್ಲ, ಮಾತು ಮುಂದೂಡಲು ಬಟ್ಟೆಗಂಟು ಬಿಚ್ಚಿ ಪುಸ್ತಕ ತೆಗೆದ. “ಕಂಪನಿಯವರು ಇದನ್ನ ನಿಮಗೆ ಕೊಟ್ಟು ಬಾ ಅಂದ್ರು,” ಎಂದ. ಹೇಳುತ್ತಿದ್ದ ಹಾಗೆಯೇ ಕಿವಿ ಬಿಸಿಯಾಯಿತು. ಕಿನು ಏಪ್ರನ್ನಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡಳು, ಹಣೆಗೆತ್ತಿಕೊಂಡಳು. “ಎಷ್ಟು ಭಾರ ಇದೆ! ನಮ್ಮಂಥೋರಿಗೆ ಇಂಥದ್ದೆಲ್ಲ ಯಾಕೆ?” ಎನ್ನುತ್ತಾ ತೆರೆದಳು. ಮೊದಲ ಅಧ್ಯಕ್ಷರ ಮೀಸೆ, ಹೂ ಮುಡಿಸಿದ ಮೊದಲ ಟ್ರಾಮು. ಸಮುದ್ರಸ್ನಾನದ ಕಟ್ಟೆಯ ಫೋಟೋ ಬಂದಾಗ ಆಕೆಯ ಕೈ ನಿಂತಿತು. “ನೋಡಿ, ಇಲ್ಲೇ ನಾವು ಹೋಗಿದ್ದು, ಮದುವೆಗೆ ಮುಂಚೆ. ನಮ್ಮೋರು ಈಜಕ್ಕೆ ಬರುತ್ತೆ ಅಂತ ಜಂಭ ಕೊಚ್ಚಿ ನೀರಿಗಿಳಿದು, ಮೂಗಿಗೆ ನೀರು ಹೋಗಿ ಕೆಮ್ಮಿದ್ದೇ ಕೆಮ್ಮಿದ್ದು. ಟ್ರಾಮಲ್ಲಿ ವಾಪಸ್ ಬರೋವಾಗ್ಲೂ ಕೆಮ್ಮು.” ನಕ್ಕಳು. ಪುಟ ತಿರುಗಿಸುತ್ತಾ, ತಲೆ ಎತ್ತದೆ, ಸಹಜವಾಗಿ ಕೇಳಿದಳು: “ನಮ್ಮೋರು ಇದಾರಾ ಇದರಲ್ಲಿ?”

ಇಸೊಗಾಯಿ ಬಾಯಿ ತೆರೆದ. ಕರಡಿನಲ್ಲಿ ಇದ್ದರು, ಒಂದೂವರೆ ಸಾಲು. ಮುರೋತಾ ಕೆಂಪು ಪೆನ್ಸಿಲ್ ಎಳೆದು, ‘ಹಬ್ಬದ ಪುಸ್ತಕ ಕಣಯ್ಯ ಇದು’ ಎಂದಿದ್ದರು. ಇವನು ಆ ಜಾಗಕ್ಕೆ ಒಂದು ಫೋಟೋ ಹಾಕಿದ, ಎಲ್ಲರೂ ಮೆಚ್ಚಿದರು. “ಇಲ್ಲ ಅಮ್ಮಾವ್ರೇ,” ಎಂದ, “ಇಲ್ಲ.” “ಹಾಗಾದ್ರೆ ಸರಿ,” ಎಂದು ಆಕೆ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಳು. ಸಿಟ್ಟಿರಲಿಲ್ಲ, ಬೇಸರವೂ ಇದ್ದ ಹಾಗಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ತಿನ್ನಿ, ಹೂರಣ ಒಣಗಿಹೋಗುತ್ತೆ.” ಅವನು ಒಂದನ್ನು ಬಾಯಿಗಿಟ್ಟ, ಅಗಿದ, ನುಂಗಿದ. ಏನೂ ರುಚಿಸಲಿಲ್ಲ, ರುಚಿಸದೆ ಇದ್ದದ್ದು ಸ್ವಲ್ಪ ಸಮಾಧಾನವನ್ನೇ ಕೊಟ್ಟಿತು. ನುಂಗಿದ ರಭಸದಲ್ಲೇ ಮಾತು ಹೊರಬಿತ್ತು. “ಅಮ್ಮಾವ್ರೇ, ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ಬರೋ ವರ್ಷ ಕಂಪನಿ ಇರಲ್ಲ. ಬೇರೆಯವರ ಕೈಗೆ ಹೋಗ್ತಾ ಇದೆ. ಅದಕ್ಕೆ... ಮುಂದಿನ ವರ್ಷದಿಂದ ಈ ದಿನ ಯಾರೂ ಬರೋದಿಲ್ಲ. ದಯವಿಟ್ಟು ಕ್ಷಮಿಸಬೇಕು.” ಮತ್ತೆ ಹಣೆ ಚಾಪೆಗೆ ತಾಗಿಸಿದ. ಹಾಗೇ ಇದ್ದ, ಎದ್ದರೆ ಮುಖ ನೋಡಬೇಕಾಗುತ್ತದಲ್ಲ.

ಕೊನೆಗೆ ತಲೆ ಎತ್ತಿದ. ಕಿನು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಭಾರ ಇಳಿಸಿದವರು ಬಿಡುವಂಥ ಉಸಿರು ಬಿಡುತ್ತಿದ್ದಳು. “ನಿಜಾನಾ?” ಎಂದಳು. “ಹೌದು.” “ನಿಮಗೇನೂ ತೊಂದರೆ ಇಲ್ವಾ ಅದರಿಂದ? ಕೆಲಸಕ್ಕೆ?” “ನನಗಾ? ನನಗೆಂಥ ತೊಂದರೆ?” “ಮತ್ತೆ ಒಕಿನೋ ಅವರು ಹೇಳಿದ್ರಲ್ಲ,” ಎಂದಳು ಆಕೆ. “ಎರಡನೇ ವರ್ಷವೇ ನಾನು ಅವರಿಗೆ, ಇನ್ನು ಬರೋದು ಬೇಡ, ದೂರದಿಂದ ಯಾಕೆ ಕಷ್ಟ ಪಡ್ತೀರಿ ಅಂದೆ. ಅದಕ್ಕವರು, ಅಯ್ಯೋ, ಹಾಗನ್ನಬೇಡಿ ತಾಯಿ, ಈ ಮನೆ ಬಾಗಿಲು ಮುಚ್ಚಿತು ಅಂದ್ರೆ ನಾನೇನೋ ತಪ್ಪು ನಡ್ಕೊಂಡೆ ಅಂತಾರೆ ಕಚೇರೀಲಿ, ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಅವರು ಬಿಟ್ಟ ಮೇಲಾದ್ರೂ ಹೇಳೋಣ ಅಂತಿದ್ದೆ. ನೀವು ಬಂದ್ರಿ. ಊದುಬತ್ತಿ ಹಚ್ಚೋಕೆ ಮೂರು ಕಡ್ಡಿ ಗೀರಿದ್ರಿ. ಪಾಪ, ಮಕ್ಕಳೊಂದಿಗ, ಇವರ ಅನ್ನಕ್ಕೆ ನಾನ್ಯಾಕೆ ಕಲ್ಲು ಹಾಕಲಿ ಅಂದ್ಕೊಂಡೆ.”

ಅವನಿಗೆ ಮಕ್ಕಳಿರಲಿಲ್ಲ. ಅದನ್ನು ಹೇಳಲು ಇದು ಸಮಯವೂ ಆಗಿರಲಿಲ್ಲ. “ನಾನು ನಿಮಗೋಸ್ಕರ...” ಎಂದು ಶುರುಮಾಡಿ ನಿಲ್ಲಿಸಿದ. ಮುಂದೇನು ಹೇಳುವುದು? ನಿಮಗೋಸ್ಕರ ಬರುತ್ತಿದ್ದೆ ಎಂದೇ? ಕಣ್ಣು ತಟ್ಟೆಯ ಮೇಲೆ ಬಿತ್ತು. “ಈ ಉಂಡೆ ಯಸಾಕು ಅವರಿಗೆ ಇಷ್ಟ ಅಂತ ತಿಳ್ಕೊಂಡಿದ್ದೆ,” ಎಂದ. “ನಮ್ಮೋರಿಗಾ?” ಕಿನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಸಿಹಿ ಕಂಡ್ರೆ ಆಗ್ತಿರಲಿಲ್ಲ ಅವರಿಗೆ! ಉಪ್ಪಿನಕಾಯಿ ಕೊಟ್ರೆ ಸೈ. ಮೊದಲನೇ ವರ್ಷ ಪಕ್ಕದ ಮನೆಯೋರು ಕೊಟ್ಟಿದ್ದನ್ನ ಒಕಿನೋ ಅವರಿಗೆ ಇಟ್ಟೆ, ಇಂಥದ್ದು ಎಲ್ಲೂ ತಿಂದಿಲ್ಲ ಅಂದ್ರು. ಆಮೇಲೆ ಮಾಡ್ದೆ ಇರೋಕಾಗುತ್ತಾ? ನೀವಂತೂ ಮೂರು ಮೂರು ತಿಂತಿದ್ರಿ.” ಇಸೊಗಾಯಿಯೂ ನಕ್ಕ, ನಗದೆ ಬೇರೆ ದಾರಿ ಇರಲಿಲ್ಲ. ಸತ್ತವನ ಗೌರವಕ್ಕೆಂದು ಮೂರನೆಯದನ್ನು ತಿನ್ನುತ್ತಿದ್ದವನು ತಾನು! ನೆಲ ಬಿರಿದು ನುಂಗಬಾರದೇ ಎನಿಸಿತು.

ನಗು ಇಳಿದ ಮೇಲೆ ಕಿನು ಚಹಾದ ಬಟ್ಟಲನ್ನು ಸುಮ್ಮನೆ ತಿರುಗಿಸುತ್ತಾ ಕೂತಳು. “ಬೇಜಾರು ಮಾಡ್ಕೋಬೇಡಿ ಟ್ರಾಮಿನವರೇ, ಹೋಗೋ ಹೊತ್ತಲ್ಲಿ ಒಂದು ಮಾತು ಹೇಳ್ತೀನಿ. ಇಷ್ಟು ವರ್ಷದಲ್ಲಿ ಈ ದಿನ ನಾನು ಒಂದ್ಸಲಾನೂ ಅತ್ತಿಲ್ಲ. ಎದ್ದ ತಕ್ಷಣ, ಟ್ರಾಮಿನವರು ಬರ್ತಾರೆ, ಗುಡಿಸ್ಬೇಕು, ದಿಂಬಿನ ಗವಸು ಒಗೀಬೇಕು, ಕಾಳು ಬೇಯಿಸ್ಬೇಕು. ನೀವು ಹೋದ್ಮೇಲೆ ಪಾತ್ರೆ. ಆಮೇಲೆ ಸುಸ್ತಾಗಿ ಮಲಗಿಬಿಡ್ತೀನಿ. ಬೇರೆ ದಿನ ಅಳ್ಬಹುದು, ಅತ್ತಿದೀನಿ. ಆದ್ರೆ ಅವರು ಹೋದ ದಿನ ಇದಲ್ವಾ? ಮನೆಗೆ ಯಾರೋ ಬಂದಿರೋವಾಗ ಅಳೋದು ಹೇಗೆ, ನೀವೇ ಹೇಳಿ.” ದೂರಿನ ದನಿಯೇ ಅಲ್ಲ, ಮಳೆ ಬರುತ್ತೋ ಏನೋ ಎನ್ನುವ ಹಾಗೆ ಹೇಳಿದಳು. ಇಸೊಗಾಯಿಯ ಬಾಯಲ್ಲಿ ‘ನಾನೂ ಆ ಕೋಣೆಯಲ್ಲಿದ್ದೆ’ ಎಂಬುದು ಇನ್ನೂ ಇತ್ತು. ಅದನ್ನು ಈಗ ಹೇಳಿದರೆ ಆಕೆ ಏನು ಮಾಡುತ್ತಾಳೆಂದು ಅವನಿಗೆ ಚೆನ್ನಾಗಿ ಗೊತ್ತಾಯಿತು: ಅಯ್ಯೋ, ಏಳಿ, ಏಳಿ ಎಂದು ಸಮಾಧಾನ ಮಾಡುತ್ತಾಳೆ, ಇನ್ನೊಂದು ಬಟ್ಟಲು ಚಹಾ ಬಗ್ಗಿಸುತ್ತಾಳೆ, ಆಕೆಯ ಇನ್ನರ್ಧ ದಿನವೂ ಇವನಿಗೇ ಹೋಗುತ್ತದೆ. ಮಾತನ್ನು ನುಂಗಿಕೊಂಡ. ಪುಸ್ತಕವನ್ನು ತಾನೇ ಎತ್ತಿ ಮತ್ತೆ ಗಂಟು ಕಟ್ಟಿದ. “ಇದನ್ನ ತಗೊಂಡು ಹೋಗ್ತೀನಿ ಅಮ್ಮಾವ್ರೇ. ತಪ್ಪಾಗಿ ತಂದುಬಿಟ್ಟೆ.” “ಅದಕ್ಕೇನಂತೆ,” ಎಂದಳು ಕಿನು, ತಡೆಯಲಿಲ್ಲ.

ಅವನು ಷೂ ಹಾಕಿಕೊಂಡು ಹೊರಬಂದರೆ ಆಕೆ ಮರದ ಚಪ್ಪಲಿ ಮೆಟ್ಟಿ ಹಿಂದೆಯೇ ಬಂದು ಬಾಗಿಲ ಮುಂದೆ ನಿಂತಳು. ಬಂದವರು ಕಣ್ಮರೆಯಾಗುವವರೆಗೆ ಮನೆಯವರು ಒಳಗೆ ಹೋಗುವಂತಿಲ್ಲ. ಹೋಗುವವರು ತಿರುವಿನಲ್ಲಿ ನಿಂತು, ಹಿಂದಕ್ಕೆ ತಿರುಗಿ, ಕೊನೆಯದಾಗಿ ಒಂದು ಸಲ ಬಾಗಬೇಕು. ಇದು ಎಲ್ಲರಿಗೂ ಗೊತ್ತಿರುವುದೇ. ಓಣಿಯೋ ಕಾಲುವೆಯ ಪಕ್ಕದಲ್ಲಿ ನೆಟ್ಟಗೆ, ತಿರುವು ಎಲ್ಲೋ ಕ್ಷೌರದಂಗಡಿಯ ಹತ್ತಿರ. ವರ್ಷವರ್ಷವೂ ಇಷ್ಟುದ್ದವನ್ನು ಅವನು ಆರಾಮವಾಗಿ, ತನಗಾಗಿ ಒಬ್ಬರು ನಿಂತಿದ್ದಾರೆಂಬ ಬೆಚ್ಚಗಿನ ತಿಳಿವಿನಲ್ಲಿ ನಡೆಯುತ್ತಿದ್ದ. ನಾಲ್ಕು ಹೆಜ್ಜೆ ಇಟ್ಟವನಿಗೆ ಈಗ ಹೊಳೆಯಿತು: ತಾನು ಕಾಣುವಷ್ಟು ಹೊತ್ತೂ ಆಕೆ ಅಲ್ಲಿ ನಗುಮುಖ ಹೊತ್ತು ನಿಂತಿರಬೇಕು. ಹೆಜ್ಜೆ ಜೋರು ಮಾಡಿದ. ಸಾಲದೆನಿಸಿತು. ಕಂಕುಳ ಗಂಟನ್ನು ಎದೆಗವಚಿಕೊಂಡು ಓಡತೊಡಗಿದ. ಐವತ್ತನಾಲ್ಕರ ಮೊಣಕಾಲು ಮಾತು ಕೇಳಲಿಲ್ಲ, ಟೈ ಹೆಗಲ ಮೇಲೆ ಹಾರಿತು, ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಇಣುಕಿ, “ಏನಾಯ್ತು ಸ್ವಾಮೀ, ಟ್ರಾಮು ತಪ್ಪೋಗುತ್ತಾ?” ಎಂದು ಕೂಗಿದ. ತಿರುವು ಬಂತು. ಇಷ್ಟು ವರ್ಷದ ಅಭ್ಯಾಸಕ್ಕೆ ಕತ್ತು ತಾನಾಗಿ ಹಿಂದಕ್ಕೆ ಹೊರಳತೊಡಗಿತು. ತಿರುಗದೆ ಹೋದರೆ ಮರ್ಯಾದೆಗೆಟ್ಟವನು ಎನ್ನುತ್ತಾರೆ, ಅನ್ನಲಿ. ಅವನು ತಿರುಗಲಿಲ್ಲ, ಬಾಗಲಿಲ್ಲ. ಗೋಡೆಯ ಆಚೆಗೆ ಬಂದು, ಅದಕ್ಕೆ ಬೆನ್ನು ಕೊಟ್ಟು, ಏದುಸಿರು ಬಿಡುತ್ತಾ, ಈಗ ಒಳಗೆ ಹೋಗಿರುತ್ತಾಳೆ, ಬಾಗಿಲು ಹಾಕಿಕೊಂಡಿರುತ್ತಾಳೆ ಎಂದುಕೊಂಡ.